ಒದ್ದೆಯಕ್ಕ ಸ್ಟ್ರೆಚರ್ ತಳ್ಳಿದ್ದು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಒದ್ದೆಯಕ್ಕ ಎಂದೇ. ಒಗೆದ ಚಾದರಗಳನ್ನು, ಇನ್ನೂ ನೀರು ಸುರಿಯುತ್ತಿರುವಾಗಲೇ, ನೆಲಮಾಳಿಗೆಯಿಂದ ಒಣಹಾಕುವ ಅಂಗಳಕ್ಕೆ ಗಾಡಿಯಲ್ಲಿ ಸಾಗಿಸುವುದು ಅವಳ ಕೆಲಸ. ಹಲ್ಲು ಕಚ್ಚಿ, ಭುಜ ಕೊಟ್ಟು ನೂಕಿದರೆ ಆ ಗಾಡಿ ಸೋಮಾರಿಯ ಹಾಗೆ ನಿಧಾನಕ್ಕೆ ಕದಲುತ್ತಿತ್ತು. ಭಾರವನ್ನಾದರೂ ತಡೆದುಕೊಂಡಾಳು, ಮೌನ ತಡೆಯಲಾರಳು. ಮೊದಲೇ ಮಾತಿನ ಮಲ್ಲಿ! ದಿನವಿಡೀ ಚಾದರಗಳ ಜೊತೆ ಏನಂತ ಮಾತಾಡುವುದು?

"ನಾನೂ ಪೇಷಂಟ್‌ಗಳ ಸ್ಟ್ರೆಚರ್ ತಳ್ಬೇಕು ಕಣ್ರೀ, ಅವರಾದ್ರೆ 'ಹೂಂ' ಅಂತಾದ್ರೂ ಅಂತಾರೆ," ಎಂದು ಗಂಡನ ತಲೆ ತಿನ್ನುತ್ತಿದ್ದವಳು, ಒಂದು ಜಾಗ ಖಾಲಿಯಾದದ್ದೇ ತಡ, ಓಡಿಹೋಗಿ ಕೇಳಿಯೇಬಿಟ್ಟಳು.

ಸ್ಟ್ರೆಚರಿನವರ ಮೇಸ್ತ್ರಿ ಡೊಳ್ಳುಹೊಟ್ಟೆಯ ಮನುಷ್ಯ. ಖಾಲಿ ಸ್ಟ್ರೆಚರಿನ ಮೇಲೆ ನೀರು ತುಂಬಿದ ಲೋಟ ಇಟ್ಟು, "ವರಾಂಡದ ಆ ತುದಿಗೆ ಹೋಗ್ಬೇಕು. ಚೆಲ್ಲಿದ್ರೆ ಮತ್ತೆ ನಿಮ್ಗೆ ಚಾದರಾನೇ ಗತಿ," ಎಂದ.

ಒದ್ದೆಯಕ್ಕ ಸ್ಟ್ರೆಚರಿಗೆ ಕೈ ಹಾಕಿದಳು. ಆ ಗಡಿಬಿಡಿಯಲ್ಲಿ ಕೈಗೆ ನೆನಪಾದದ್ದು ಹಳೆಯ ಗಾಡಿಯೇ. ಹಲ್ಲು ಕಚ್ಚಿದಳು, ಭುಜ ಕೊಟ್ಟಳು, ನೂಕಿದಳು!

ಅಯ್ಯಯ್ಯೋ! ಸ್ಟ್ರೆಚರ್ ಕೈತಪ್ಪಿ ಚಿಮ್ಮಿತು. ಲೋಟ ಹಿಂದಕ್ಕೆ ಉರುಳಿ ನೀರೆಲ್ಲ ಅವಳ ಮೈಮೇಲೆ. ಎದುರಿನ ಗೋಡೆ ಢಮಾರೆಂದಿತು.

"ಒದ್ದೆಯಕ್ಕ ಇಲ್ಲೂ ಒದ್ದೇನೇ!" ಎಂದು ಅಲ್ಲಿದ್ದವರು ಬಿದ್ದು ಬಿದ್ದು ನಕ್ಕರು.

ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಇದೇನ್ರೀ ಅನ್ಯಾಯ? ಇದ್ರಲ್ಲಿ ಭಾರಾನೇ ಇಲ್ಲ! ಅದೇ ನೂಕು ನೂಕ್ತೀನಿ, ನೀವು ಮಲಗಿ ನೋಡೋಣ."

ಮೇಸ್ತ್ರಿಗೂ ಕುತೂಹಲ. ಹತ್ತಿ ಮಲಗಿ, ಮತ್ತೆ ನೀರು ತುಂಬಿಸಿದ ಲೋಟವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಉಸಿರು ಬಿಗಿಹಿಡಿದ. ಅದೇ ಹಲ್ಲು, ಅದೇ ಭುಜ, ಅದೇ ನೂಕು. ಆದರೆ ಸ್ಟ್ರೆಚರ್ ಈಗ ಮರ್ಯಾದಸ್ಥರ ಹಾಗೆ ಮೆಲ್ಲಗೆ ಹೊರಟಿತು! ಇಷ್ಟು ಭಾರ ಥಟ್ಟನೆ ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ದೂರದಿಂದಲೇ ಹಿಂದಕ್ಕೆ ಜಗ್ಗುತ್ತಾ ಬಂದು ನಿಲ್ಲಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.

"ಇದು ನನ್ನ ಹೊಟ್ಟೆಯ ಪುಣ್ಯ ಕಣಮ್ಮಾ," ಎಂದ ಮೇಸ್ತ್ರಿ ಇಳಿಯುತ್ತಾ. "ಎಲ್ಲಾ ಪೇಷಂಟೂ ನನ್ನ ಹಾಗಿರ್ತಾರಾ? ಒಳಗೆ ಒಬ್ಬರು ಅಜ್ಜಿ ಇದ್ದಾರೆ, ಎಕ್ಸ್‌ರೇಗೆ ಕರ್ಕೊಂಡು ಹೋಗಿ. ಅವರು 'ಅಮ್ಮಾ' ಅಂತ ನರಳಿದ್ರೆ ಕೆಲಸ ಇಲ್ಲ."

ಅಜ್ಜಿ ಎಂದರೆ ಹೊದಿಕೆಯ ಕೆಳಗೆ ಯಾರಾದರೂ ಇದ್ದಾರೋ ಇಲ್ಲವೋ ಎನ್ನುವಷ್ಟು ಸಣಕಲು. ಒದ್ದೆಯಕ್ಕ ರೂಢಿಯಂತೆ ಹಲ್ಲು ಕಚ್ಚಿದಳು. ಗೋಡೆಯ ಢಮಾರ್ ನೆನಪಾಯಿತು. ಹಲ್ಲು ಸಡಿಲಿಸಿ, ಭುಜ ಇಳಿಸಿ, ಬರೀ ಬೆರಳ ತುದಿಯಿಂದ ತಳ್ಳಿದಳು. ಸ್ಟ್ರೆಚರ್ ಸದ್ದಿಲ್ಲದೆ ಹೊರಟಿತು! ಗೆದ್ದೆ ಎಂದು ಕಿರುಚಬೇಕೆನಿಸಿದರೂ, ಅಜ್ಜಿ ಎಲ್ಲಿ ನರಳಿಬಿಡುತ್ತಾರೋ ಎಂಬ ಭಯಕ್ಕೆ ತುಟಿಪಿಟಕ್ಕೆನ್ನಲಿಲ್ಲ.

ಅರ್ಧ ದಾರಿಯಲ್ಲಿ ಅಜ್ಜಿ ಕಣ್ಣು ಬಿಟ್ಟರು.

"ಏನಮ್ಮಾ, ನಿಂಗೆ ಮಾತು ಬರಲ್ವಾ? ಇಷ್ಟು ಹೊತ್ತಾಯ್ತು, ಗೋಡೆ ಜೊತೆ ಇದ್ದ ಹಾಗಿದೆ. ಏನಾದ್ರೂ ಹೇಳೇ!"

ಹೇಳದೆ ಇರುತ್ತಾಳೆಯೇ! ಅವಳು ಬಾಯಿ ತೆರೆದಳು ನೋಡಿ, ಎಕ್ಸ್‌ರೇ ಕೋಣೆ ಹಿಂದೆ ಉಳಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.