ಹರಿಹರದ ಹೊಳೆಕಲ್ಲುಗಳ ನಡುವೆ ಮೂರು ಮೊಟ್ಟೆ

ಕಾಯುತ್ತೇನೆಂದು ಒಪ್ಪಿಕೊಂಡ ಜಾಗವನ್ನು ನಾನು ಕಾಯಲಿಲ್ಲ. ಒಂದು ಚಾಪೆಯಷ್ಟು ಅಗಲದ ಜಾಗ, ಅಷ್ಟೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹರಿಹರಕ್ಕೆ ಹೋಗಿ ಬಂದ ಆ ದಿನವನ್ನು ಬಂದ ಹಾಗೆ ಬರೆಯುತ್ತೇನೆ.

ಯುಗಾದಿಗೆ ಮುಂಚಿನ ಭಾನುವಾರ ದಾವಣಗೆರೆ ಪಕ್ಕದ ಶಾಮನೂರಿನಿಂದ ಹೊರಟೆವು. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ತೊಳೆದು, ಅಲ್ಲಿನ ಕಲ್ಲುಗಳ ಮೇಲೆ ಒಣಗಿಸಿ ತರುವುದು ನಮ್ಮಲ್ಲಿ ರೂಢಿ. ಪಕ್ಕದ ಮನೆಯ ಗಂಗಕ್ಕನೂ ನಾನೂ ಸೇರಿ ಲಗೇಜ್ ಆಟೋ ಮಾಡಿದೆವು. ತಮ್ಮ ವೀರೇಶನೂ ಗಂಟುಗಳ ಮೇಲೆ ಹತ್ತಿ ಕುಳಿತ. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಅವನು ರಜೆ ಸಿಕ್ಕರೆ ದುರ್ಬೀನು ಹಿಡಿದು ಹಕ್ಕಿ ನೋಡಲು ಹೋಗುತ್ತಾನೆ. ಹದಿನೈದು ಕಿಲೋಮೀಟರೂ ಇಲ್ಲದ ದಾರಿ. ಬಿಸಿಲೇರುವ ಮೊದಲೇ ತುಂಗಭದ್ರೆಯ ದಂಡೆಯಲ್ಲಿದ್ದೆವು. ನೀರು ಇಳಿದು ಕಲ್ಲುಹರಳು ದೂರದವರೆಗೆ ಎದ್ದಿತ್ತು.

ಬಟ್ಟೆ ನೆನೆಹಾಕಿದ ಮೇಲೆ ವೀರೇಶ ನನ್ನನ್ನು ಕರೆದೊಯ್ದ. "ಅಲ್ಲಿ ನೋಡಕ್ಕ."

"ಏನೈತೋ? ಬರೇ ಕಲ್ಲು."

"ಸುಮ್ನೆ ನೋಡ್ತಾ ಇರು."

ಒಂದು ಕಲ್ಲು ಎದ್ದು ಓಡಿತು! ಗುಬ್ಬಿಗಿಂತ ಚೂರು ದೊಡ್ಡ ಹಕ್ಕಿ. ಮಣ್ಣುಬಣ್ಣದ ಬೆನ್ನು, ಕೊರಳಲ್ಲಿ ಕಪ್ಪು ಪಟ್ಟಿ. ಅದು ನಿಂತೊಡನೆ ಮತ್ತೆ ಕಲ್ಲುಗಳಲ್ಲಿ ಕಾಣದಾಯಿತು. ಅದು ಎದ್ದ ಕಡೆ, ಹರಳುಗಳ ನಡುವಿನ ಚಿಕ್ಕ ಕುಳಿಯಲ್ಲಿ, ಚುಕ್ಕೆಚುಕ್ಕೆಯ ಮೂರು ಮೊಟ್ಟೆಗಳಿದ್ದವು. ಅವೂ ಹರಳಿನಂತೆಯೇ.

"ಹೋದ ವರ್ಷದ ಗೂಡಿನ ಮ್ಯಾಲೆ ಟ್ರ್ಯಾಕ್ಟರ್ ಹೋತು. ಈ ಸಲ ಮರಿ ನೋಡ್ಬೇಕಕ್ಕ" ಎಂದ. "ಗೂಡಿಗೆ ಗುರುತು ಇಟ್ರೆ ಅದನ್ನ ನೋಡಿ ಕಾಗೆ ಬರ್ತಾವೆ. ನೀನು ಅಷ್ಟು ದೂರದಾಗೆ ಕೂತ್ಕಂಡು ಕಾಯಿ. ಇತ್ಲಾಗೆ ಬಟ್ಟೆ ಹಾಸಬ್ಯಾಡ್ರಿ ಅಂತ ಆ ಕಡೆ ಒಗಿಯೋರಿಗೆಲ್ಲ ಹೇಳಿ ಬರ್ತೀನಿ."

ಕುಳಿತೆ. ಸ್ವಲ್ಪ ಹೊತ್ತಿಗೆ ಗಂಗಕ್ಕ ನೀರಿನಿಂದ ಕೂಗಿದರು. "ಏನವ್ವಾ, ಕಲ್ಲು ಕಾಯಾಕ್ ಬಂದೀಯೋ, ಜಮಖಾನ ಹಿಂಡಾಕ್ ಬಂದೀಯೋ?"

ನೆನೆದ ಜಮಖಾನ ಒಬ್ಬರಿಂದ ಹಿಂಡಲಾಗದು. ಎದ್ದು ಹೋದೆ. ಹಿಂಡಿ, ಎರಡೂ ತುದಿ ಹಿಡಿದು ಮೇಲೆ ತಂದೆವು. ಗೂಡು ಇನ್ನೂ ಆಚೆಗಿದೆ ಎಂದುಕೊಂಡು, "ಇಲ್ಲೇ ಹಾಸಣ ಬರ್ರಿ" ಎಂದವಳು ನಾನೇ.

ಹಾಸಿ ತಲೆಯೆತ್ತಿದಾಗ ಆ ಹಕ್ಕಿ ಒಂದು ರೆಕ್ಕೆ ಎಳೆಯುತ್ತ, ಚೀರುತ್ತ ಜಮಖಾನದ ಸುತ್ತ ಓಡುತ್ತಿತ್ತು. ಗೂಡು ಅದರ ಕೆಳಗೇ ಇದೆ ಎಂದು ಆಗ ತಿಳಿಯಿತು. ಎತ್ತೋಣವೆಂದರೆ ಬಟ್ಟೆಯ ಎಳೆತಕ್ಕೆ ಮೊಟ್ಟೆ ಉರುಳಿದರೆ? ಬಿಡೋಣವೆಂದರೆ ಅದರ ಭಾರ. ನಿಂತೇ ಇದ್ದೆ.

ಹಕ್ಕಿ ದೂರ ಓಡಿದ ಮೇಲೆ ವೀರೇಶ ಬಂದ. "ಯಾರೂ ಬರಲಿಲ್ಲ ಅಲ್ಲೇನಕ್ಕ?"

"ಇಲ್ಲಪ್ಪ."

ಅವನು ದುರ್ಬೀನಿನಲ್ಲಿ ಹುಡುಕಿದ. ಕುಕ್ಕರಗಾಲಲ್ಲಿ ಕೂತು ಜಮಖಾನದ ಆಚೆಯ ಹರಳು ಹರಳು ನೋಡಿದ. ಒಂದೊಂದು ಹೆಜ್ಜೆಯನ್ನೂ ಕೆಳಗೆ ನೋಡಿ ಇಡುತ್ತಿದ್ದ. "ಇಲ್ಲೇ ಇತ್ತಲ್ಲ... ನಾನೇ ಮರೆತ್ನೇನೋ" ಎಂದ.

ಆಗಲೂ ಇದ್ದದ್ದು ಇದ್ದಂತೆ ಹೇಳಲಿಲ್ಲ. "ಜಮಖಾನದ ಕೆಳಗೈತೇನೋ ನೋಡು. ಗಂಗಕ್ಕ ಹಾಸಿದ್ರು" ಎಂದೆ.

ಗಂಗಕ್ಕ ನನ್ನ ಮುಖ ನೋಡಿದರು.

"ಇರ್ಲಿ ಬಿಡ್ರಿ, ನಿಮಗೇನ್ ಗೊತ್ತು" ಎಂದು ವೀರೇಶನೇ ಅವರಿಗೆ ಸಮಾಧಾನ ಹೇಳಿದ. ನಾಲ್ಕೂ ಮೂಲೆ ಹಿಡಿದು, ಎಳೆಯದೆ, ನೆಟ್ಟಗೆ ಮೇಲಕ್ಕೆತ್ತಿದೆವು. ಒಂದು ಮೊಟ್ಟೆ ಒಡೆದಿತ್ತು. ಎರಡು ಗಟ್ಟಿಯಿದ್ದವು.

ಬಟ್ಟೆಗಳನ್ನೆಲ್ಲ ಆಚೆ ಸಾಗಿಸಿ ದೂರ ಕೂತೆವು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟುಕೊಂಡು ಗೂಡಿನ ಕಡೆಗೇ ನೋಡಿದೆವು. ಹಕ್ಕಿ ಬರುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಓಡುತ್ತದೆ. ಬಿಸಿಲಿಗೆ ಮೊಟ್ಟೆ ಬೆಂದುಹೋದಾವೆಂದು ವೀರೇಶ ಪಿಸುಗುಟ್ಟಿದ. ಬಹಳ ಹೊತ್ತಾದ ಮೇಲೆ ಅದು ಓಡಿಬಂದು, ಎದೆಯ ಪುಕ್ಕ ಅರಳಿಸಿ, ಉಳಿದೆರಡರ ಮೇಲೆ ಕೂತಿತು. ಕೂತದ್ದೇ ಕಲ್ಲಾಯಿತು.

ಸಂಜೆ ಆಟೋದ ಹಿಂದೆ ಮೂವರೂ ಗಂಟುಗಳ ಮೇಲೆ ಕೂತು ಹೊರಟೆವು. ದಾವಣಗೆರೆಯ ಮನೆಗಳು ಕಾಣತೊಡಗಿದವು. ಇಳಿದುಬಿಟ್ಟರೆ ಇನ್ನು ಹೇಳಲು ಬಾಯಿ ಬರುವುದಿಲ್ಲ ಎನ್ನಿಸಿತು.

"ವೀರೇಶ, ಅಲ್ಲಿ ಹಾಸಣ ಅಂದೋಳು ನಾನು. ಕಾಯಾದ್ ಬಿಟ್ಟು ಎದ್ದು ಹೋಗಿದ್ದೆ. ನೀನು ಕೇಳಿದಾಗ ಸುಳ್ಳು ಹೇಳ್ದೆ. ತಪ್ಪಾತಪ್ಪ. ಗಂಗಕ್ಕ, ನಿಮ್ಮ ಮ್ಯಾಲೆ ಹಾಕಿದ್ದೂ ತಪ್ಪಾತ್ರಿ."