ಹುಳ ಹಣ್ಣಾಗುವ ವಾರದ ಹಾಜರಿ

‘ಭಾರತದ ಆರ್ಥಿಕತೆಯ ಪ್ರಮುಖ ಸಮಸ್ಯೆಗಳು’ ಎಂಬ ಪಾಠವನ್ನು ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರುಗಳಲ್ಲಿ ಮಾಡಿದ್ದೇನೆ. ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಒಂದು ಲೋಟ ಕಾಫಿಯನ್ನಾದರೂ ಕೊಟ್ಟು ಕೂರಿಸುತ್ತಾರೆ ಎಂದುಕೊಳ್ಳಬೇಡಿ. ಪರೀಕ್ಷೆ ಮುಗಿಯುತ್ತಲೇ ಮನೆಗೆ ಹೋಗಿ, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂದು ಕಾಯುವವರನ್ನು ಹಾಗೆ ಕರೆಯುತ್ತಾರೆ. ಈಗ ಬರೆಯುತ್ತಿರುವುದು ಯಾವ ಕಾಲೇಜಿನಲ್ಲಿ ನಡೆಯಿತು ಎಂದು ಹೇಳುವುದಿಲ್ಲ. ಈ ವರ್ಷದ ಪಟ್ಟಿ ಇನ್ನೂ ಬಂದಿಲ್ಲ.

ಪಾಠವೇನೋ ಸುಲಭ. ಬಡತನದ ಬಗೆಗಳು, ನಿರುದ್ಯೋಗದ ಬಗೆಗಳು, ಅಸಮಾನತೆಯ ಕಾರಣಗಳು, ಕೊನೆಯಲ್ಲಿ ಸರ್ಕಾರದ ಪರಿಹಾರ ಕ್ರಮಗಳು. ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಮುಂದಿನ ಬೆಂಚಿನವರು ತಲೆಬರಹಕ್ಕೆ ಗೆರೆ ಎಳೆಯಲು ಕೆಂಪು ಪೆನ್ನನ್ನೂ ತಂದಿರುತ್ತಾರೆ. ಯಾರೂ ಏನನ್ನೂ ಕೇಳುವುದಿಲ್ಲ. ಕೇಳದಿದ್ದರೇ ನನಗೂ ಹಾಯಿ.

ಆ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಪ್ರತಿ ವಿಭಾಗದಲ್ಲೂ ಒಂದು ಪ್ರಾಜೆಕ್ಟ್ ಫೈಲು ಇರಲೇಬೇಕೆಂದು ಪ್ರಿನ್ಸಿಪಾಲರ ಅಪ್ಪಣೆಯಾಯಿತು. ನಾನು ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಅವರ ಉದ್ಯೋಗವೇನು, ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತಾರೆ ಎಂದು ಬರೆದು ತರಬೇಕು. ಮರುದಿನವೇ ಹಾಳೆಗಳು ಬಂದವು. ಅಪ್ಪ: ಕೃಷಿ. ಅಮ್ಮ: ಗೃಹಿಣಿ. ಅಮ್ಮಂದಿರ ಇಡೀ ದಿನಕ್ಕೆ ‘ಮನೆಕೆಲಸ’ ಎಂಬ ಒಂದೇ ಪದ. ಒಬ್ಬರದನ್ನು ನೋಡಿಕೊಂಡು ಇನ್ನೊಬ್ಬರು ಬಸ್ಸಿನಲ್ಲೇ ಬರೆದು ಮುಗಿಸಿದ್ದರು.

ಒಂದು ಹಾಳೆ ಮಾತ್ರ ಬೇರೆ ಥರ ಇತ್ತು. ರೇಷ್ಮೆ ಹುಳ ಸಾಕುವ ಮನೆಯ ಹುಡುಗಿಯೊಬ್ಬಳದು. ಮಧ್ಯದ ಬೆಂಚಿನಲ್ಲಿ ಕೂರುತ್ತಿದ್ದಳು, ಮಾತು ಕಡಿಮೆ. ಅಮ್ಮನ ಹೆಸರಿನ ಮುಂದೆ ಗೃಹಿಣಿ ಎಂದು ಬರೆದು ಹೊಡೆದುಹಾಕಿದ್ದಳು. ಅದರ ಕೆಳಗೆ ಸೊಪ್ಪು ಕೊಯ್ಯುವುದು, ಹೊರುವುದು, ಹುಳಕ್ಕೆ ಹಾಕುವುದು, ಹುಳದ ಕಸ ತೆಗೆಯುವುದು, ಹಸು, ಅಡುಗೆ, ಮತ್ತೆ ಸೊಪ್ಪು ಎಂದು ಶುರುವಾದದ್ದು ಹಾಳೆಯ ಹಿಂಬದಿಗೂ ಹೋಗಿತ್ತು. ತನ್ನ ಹೆಸರಿನ ಮುಂದೆ ವಿದ್ಯಾರ್ಥಿನಿ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು. ಇದೇನಮ್ಮ ಎಂದು ಕ್ಲಾಸಿನಲ್ಲೇ ಕೇಳಿದೆ.

“ಮೇಡಂ, ಹುಳ ಹಣ್ಣಾಗೋ ವಾರ ನಾನು ಕಾಲೇಜ್ಗೆ ಬರಕ್ಕಾಗಕಿಲ್ಲ. ಮನೇಲಿ ಕೈ ಸಾಲ್ದು. ಆ ವಾರ ನಾನ್ ಯಾವ್ ಲೆಕ್ಕಕ್ಕೆ ಬತ್ತೀನಿ?”

“ಆಬ್ಸೆಂಟ್ ಲೆಕ್ಕಕ್ಕೆ,” ಎಂದೆ.

ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನ ಮಾತಿಗೆ ಅಷ್ಟು ಜೋರು ನಗು ಬಂದದ್ದು ಅದೇ ಮೊದಲು, ಖುಷಿಯಾಯಿತು. ಹೊಂಗನೂರು ಕಡೆಯ ಹುಳ ಸಾಕುವ ಮನೆಯಲ್ಲೇ ಹುಟ್ಟಿದವಳು ನಾನು. ಹುಳ ಗೂಡು ಕಟ್ಟಲು ಸಿದ್ಧವಾಗುವುದನ್ನೇ ಹಣ್ಣಾಗುವುದು ಎನ್ನುತ್ತೇವೆ. ಆಗ ಮನೆಮಂದಿಯೆಲ್ಲ ಕೂತು ಹುಳ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು; ತಡಮಾಡಿದರೆ ಅವು ಕಂಡಕಂಡಲ್ಲಿ ನೂಲು ಬಿಟ್ಟು ಬೆಳೆ ಕೆಡುತ್ತದೆ. ಬೆಳೆಯ ಮೇಲೆ ಬೆಳೆ ಎತ್ತುವ ಮನೆಯಲ್ಲಿ ಇಂಥ ವಾರ ತಿಂಗಳಿಗೊಮ್ಮೆ ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಾನು ಓದುವಾಗ ನನ್ನ ಪಾಲಿನ ಕೆಲಸವನ್ನೂ ಅಮ್ಮನೇ ಎಳೆದುಕೊಂಡು ನನ್ನನ್ನು ಬಸ್ಸು ಹತ್ತಿಸುತ್ತಿದ್ದಳು. ಆ ಅಮ್ಮನನ್ನು ನಾನೂ ಎಲ್ಲ ಅರ್ಜಿಗಳಲ್ಲಿ ಗೃಹಿಣಿ ಎಂದೇ ತುಂಬಿದ್ದೇನೆ.

ಸಮಿತಿ ಬಂದ ದಿನ ಆ ಹುಡುಗಿಯ ಹಾಳೆಯನ್ನೇ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಎರಡೂ ಬದಿ ಓದಿದರು. ಇದು ನಿಜವಾದ ಪಾಠ ಎಂದು ನನ್ನನ್ನು ಹೊಗಳಿದರು. ಹುಡುಗಿಯನ್ನು ಕರೆಸಿ ಎಂದರು. ಅವಳು ಅವತ್ತು ಬಂದಿರಲಿಲ್ಲ, ಮನೆಯಲ್ಲಿ ಹುಳ ಹಣ್ಣಾಗಿತ್ತು. ಹುಷಾರಿಲ್ಲವಂತೆ ಸಾರ್ ಎಂದು ಸುಳ್ಳು ಹೇಳಿದೆ.

ಪರೀಕ್ಷೆಗೆ ಮುಂಚೆ ಹಾಜರಿ ಕೊರತೆಯವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದರು. ಅದರಲ್ಲಿ ಅವಳ ಹೆಸರಿತ್ತು. ಹೆಸರು ಬಂದವರಿಗೆ ಹಾಲ್ ಟಿಕೆಟ್ ಇಲ್ಲ. ಮಾರನೆಯ ದಿನ ತಾಯಿ ಮಗಳಿಬ್ಬರೂ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ತಾಯಿ ಚಪ್ಪಲಿಯನ್ನು ಕಾರಿಡಾರಿನಲ್ಲೇ ಬಿಟ್ಟು ಬಂದಿದ್ದರು.

“ಒಸಿ ಕೈ ಹಿಡೀರಿ ಮೇಡಮ್ನೋರೆ. ಪರೀಕ್ಸೆಗೆ ಕೂರಿಸ್ನಿಲ್ಲ ಅಂದ್ರೆ ಅವ್ರಪ್ಪ ಇನ್ನ ಕಳ್ಸಕಿಲ್ಲ. ಓದಿದ್ದು ಸಾಕು, ಮನೇಲೇ ಬೇಕಾದಷ್ಟು ಗೇಮೆ ಐತೆ ಅಂತಾವ್ರೆ.”

ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. “ಮೆಡಿಕಲ್ ಸರ್ಟಿಫಿಕೇಟ್ ಇದ್ರೆ ನೋಡೋಣ. ಇಲ್ಲಾಂದ್ರೆ ನೀವೇ ಕಾರಣ ಬರೆದು, ನನ್ನ ಜವಾಬ್ದಾರಿ ಅಂತ ಸಹಿ ಹಾಕಿ ಕೊಡಿ,” ಎಂದರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, “ಮುಂದಿನ ವರ್ಷಕ್ಕೆ ಯಾರ್ಯಾರು ಬೇಕು ಅಂತ ಪಟ್ಟಿನೂ ಇದೇ ವಾರ ಕಳಿಸ್ಬೇಕು,” ಎಂದರು. ಎರಡಕ್ಕೂ ಸಂಬಂಧವಿದೆ ಎಂದು ಅವರೇನೂ ಹೇಳಲಿಲ್ಲ. ನನಗೆ ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಹೊರಗೆ ಬಂದು, ಯಾರಾದರೂ ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ಮಾಡಿಸಿಕೊಂಡು ಬಾ ಎಂದು ಹುಡುಗಿಗೆ ಹೇಳಿದೆ.

“ನಂಗೇನಾಗಿತ್ತು ಮೇಡಂ? ಕೆಲ್ಸ ಮಾಡ್ತಿದ್ದೆ. ನಾನ್ ಬರ್ದಿದ್ದು ನಿಮ್ ಫೈಲಲ್ಲೇ ಐತಲ್ಲ, ಅದನ್ನೇ ಇಟ್ಟು ಬರ್ಕೊಡಿ.”

“ಅದು ಪ್ರಾಜೆಕ್ಟ್ ಕಣಮ್ಮ.”

ಇದಕ್ಕಿಂತ ಕೀಳಾದ ಮಾತನ್ನು ನಾನು ಯಾವತ್ತೂ ಆಡಿಲ್ಲ. ನಾಲ್ಕು ಸಾಲು ಬರೆದು ಸಹಿ ಹಾಕಿದ್ದರೆ ಅವಳು ಪರೀಕ್ಷೆಗೆ ಕೂರುತ್ತಿದ್ದಳು. ಹೆಚ್ಚೆಂದರೆ ಮುಂದಿನ ವರ್ಷದ ಪಟ್ಟಿಯಿಂದ ನನ್ನ ಹೆಸರು ಕೈಬಿಡುತ್ತಿದ್ದರು, ಅದೂ ಖಾತ್ರಿಯಲ್ಲ. ಆದರೂ ಹೆದರಿದೆ. ನಿಯಮ ಹಾಗಿದೆ, ನಾನೇನು ಮಾಡಲಿ ಎಂದು ಎರಡೆರಡು ಸಲ ಹೇಳಿದೆ. ತಾಯಿ ಕೈ ಮುಗಿದು ಹೊರಟರು. ಹುಡುಗಿ ಮುಗಿಯಲಿಲ್ಲ. ಆಗ ಎಂಥ ಸೊಕ್ಕು ಎಂದುಕೊಂಡೆ. ಈಗ ಅದೊಂದೇ ನನಗೆ ಸಮಾಧಾನ ಕೊಡುವುದು.

ಆ ಸಲದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಕಾಲೇಜು ಶುರುವಾದ ಮೇಲೆ ಒಂದು ಬೆಳಿಗ್ಗೆ ಅವಳು ಒಬ್ಬಳೇ ಬಂದಳು. ಹತ್ತನೇ ತರಗತಿಯ, ಪಿಯುಸಿಯ ಅಂಕಪಟ್ಟಿಗಳು ಕಾಲೇಜಿನಲ್ಲೇ ಇದ್ದವು; ಅವನ್ನು ವಾಪಸ್ ಪಡೆಯಲು ಟಿ.ಸಿ. ತೆಗೆದುಕೊಳ್ಳಬೇಕು, ಅದರ ಅರ್ಜಿಗೆ ವಿಭಾಗದ ಸಹಿಯೂ ಬೇಕೆಂದು ನನ್ನನ್ನು ಆಫೀಸಿಗೆ ಕರೆಸಿದರು. ಆಫೀಸಿನಲ್ಲಿ ಗುಮಾಸ್ತರು ತಲೆಯೆತ್ತದೆ ಅರ್ಜಿ ತುಂಬುತ್ತಿದ್ದರು. ಕಾಲೇಜು ಬಿಡಲು ಕಾರಣ ಎಂಬ ಕಡೆ ‘ಸ್ವಂತ ಇಚ್ಛೆ’ ಎಂದು ಬರೆದು ಅವಳ ಕಡೆ ತಳ್ಳಿದರು. ಅವಳು ನಿಂತುಕೊಂಡೇ ಓದಿದಳು.

“ಇದ್ನ ನಾನ್ ಹೇಳ್ನಿಲ್ವಲ್ಲ ಸಾರ್.”

“ಎಲ್ರಿಗೂ ಅದೇ ಬರೆಯೋದಮ್ಮ.”

ಅವಳು ನನ್ನ ಮುಖ ನೋಡಿದಳು. ಬೇರೆ ಏನಾದರೂ ಬರೆಸುತ್ತೇನೆಂದು ಕಾದಳೋ ಏನೋ. ನಾನು ಪೆನ್ನಿನ ಮುಚ್ಚಳ ತೆಗೆದು ಅದರ ಕೆಳಗೇ ಸಹಿ ಹಾಕಿದೆ.