ಅಕ್ಕನ ಉದ್ದ ತೋಳಿನ ರವಿಕೆ

ಅಕ್ಕನ ಬಲಗೈಯಲ್ಲಿ, ಮೊಣಕೈಗಿಂತ ಸ್ವಲ್ಪ ಮೇಲೆ, ತೊನ್ನಿನ ಕಲೆಯಿತ್ತು. ಹೈಸ್ಕೂಲಿನಲ್ಲಿದ್ದಾಗ ಕಾಣಿಸಿಕೊಂಡದ್ದು ಯಾವ ಮದ್ದಿಗೂ ಬಗ್ಗಲಿಲ್ಲ. ಮನೆಯವರನ್ನು ಬಿಟ್ಟು ಯಾರಿಗೂ ಅದು ಗೊತ್ತಾಗದಂತೆ ಅಮ್ಮ ನೋಡಿಕೊಂಡಿದ್ದಳು.

ನೋಡಿಕೊಳ್ಳುವುದು ಕಷ್ಟವೂ ಇರಲಿಲ್ಲ. ನಾವು ಬಸವನಗುಡಿಯಿಂದ ಜಯನಗರಕ್ಕೆ ಬಂದ ಹೊಸತರಲ್ಲಿ ಹೆಂಗಸರೆಲ್ಲ ಮೊಣಕೈ ಮುಚ್ಚುವ ತೋಳಿನ ರವಿಕೆಯನ್ನೇ ಹೊಲಿಸುತ್ತಿದ್ದರು. ಅದೇ ಆಗಿನ ಫ್ಯಾಶನ್ನು. ಅಕ್ಕ ಅಂಥ ರವಿಕೆ ತೊಟ್ಟೇ ಬಿ.ಎ. ಮುಗಿಸಿದಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆದಳು, ಮಕ್ಕಳಿಂದ ನಾಟಕ ಆಡಿಸಿದಳು. ಬೋರ್ಡಿನ ಮೇಲೆ ಬರೆಯಲು ಕೈಯೆತ್ತುವಾಗ ಅವಳಿಗೆ ಯಾವ ಅಂಜಿಕೆಯೂ ಇರಲಿಲ್ಲ.

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪನ ಹಾಗೆ ನಾನೂ ಖಾದಿಯವಳು, ಖಾದಿ ಸೀರೆಯನ್ನೇ ಉಡುತ್ತಿದ್ದೆ. ಫ್ಯಾಶನ್ ಎಂದರೆ ಕೆಲಸವಿಲ್ಲದವರ ಹುಚ್ಚು, ಸಮಾಜಕ್ಕೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಮನೆಯಲ್ಲೂ ಹೊರಗೂ ವಾದಿಸುತ್ತಿದ್ದೆ.

ಅರವತ್ತರ ದಶಕ ಶುರುವಾದ ಮೇಲೆ ತೋಳುಗಳು ಮೇಲೇರತೊಡಗಿದವು. ಮೊದಲು ಕಾಲೇಜು ಹುಡುಗಿಯರದು, ಆಮೇಲೆ ಟೀಚರುಗಳದು, ಕಡೆಗೆ ದಿನವೂ ದೇವಸ್ಥಾನಕ್ಕೆ ಹೋಗುವ ಎದುರುಮನೆಯವರದೂ. ಅಕ್ಕನದು ಇದ್ದಲ್ಲೇ ಉಳಿಯಿತು.

"ಏನ್ ಟೀಚರ್, ಒಳ್ಳೇ ನಮ್ಮಜ್ಜಿ ಥರ ಹಾಕ್ಕೋತೀರಲ್ಲ!" ಎಂದು ಎದುರುಮನೆಯವರೇ ಒಮ್ಮೆ ನಕ್ಕರು. ಅಕ್ಕನೂ ನಕ್ಕಳು. ನನಗೆ ರೇಗಿತು. ಅವಳ ಜೊತೆಗಿರಲಿ ಎಂದು ನಾನೂ ಉದ್ದ ತೋಳಿನ ರವಿಕೆಗಳನ್ನೇ ಹೊಲಿಸಿಕೊಂಡೆ. ಇಬ್ಬರೂ ಹಾಗೆ ಬಸ್‌ಸ್ಟಾಪಿಗೆ ನಡೆದು ಹೋಗುವಾಗ ಜನ ಇನ್ನಷ್ಟು ನೋಡಿದರು. "ನಿಮ್ಮನೇಲಿ ಏನಾದ್ರೂ ಪದ್ಧತಿನಾ?" ಎಂದು ಕೇಳಿದರು. ಅಮ್ಮ ಹೆದರಿ, "ಇಬ್ರಿಗೂ ಏನೋ ಇದೆ ಅಂದ್ಕೋತಾರೆ ಕಣೇ" ಎಂದು ನನ್ನ ರವಿಕೆಗಳ ಹೊಲಿಗೆಯನ್ನೆಲ್ಲ ಬಿಚ್ಚಿಸಿ ತೋಳು ಗಿಡ್ಡ ಮಾಡಿಸಿದಳು.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಟೀಚರುಗಳೆಲ್ಲ ಒಂದೇ ಥರದ ಸೀರೆ, ಗಿಡ್ಡ ತೋಳಿನ ರವಿಕೆ ಎಂದು ಮಾತಾಯಿತು. ಅಕ್ಕ ಏನೇನೋ ನೆಪ ಹೇಳಿದಳು. ಅವಳಿಗೆ ತುಂಬ ಬೇಕಾದ ಟೀಚರೊಬ್ಬರು ಬಟ್ಟೆ, ಟೇಪು ಹಿಡಿದು ಮನೆಗೇ ಬಂದರು.

"ಏನ್ರೀ ಇಷ್ಟೊಂದು ನಾಚಿಕೆ? ಬನ್ನಿ, ನಾನೇ ಅಳತೆ ತಗೋತೀನಿ" ಎನ್ನುತ್ತ ಸಲುಗೆಯಿಂದ ಅಕ್ಕನ ರವಿಕೆಯ ತೋಳನ್ನು ಮೇಲೆ ಸರಿಸಿಬಿಟ್ಟರು.

ಕಲೆ ಕಾಣಿಸಿತು. ಆಕೆಯೇ ಮೆಲ್ಲಗೆ ತೋಳನ್ನು ಕೆಳಗೆಳೆದು ಸರಿಮಾಡಿದರು. ಕಣ್ಣಲ್ಲಿ ನೀರಿತ್ತು. "ನಾನು ಯಾರಿಗೂ ಹೇಳಲ್ಲ ರೀ" ಎಂದರು. ನನಗೆ ತಿಳಿದಮಟ್ಟಿಗೆ ಹೇಳಲೂ ಇಲ್ಲ.

ಆದರೂ ಅಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. "ಅವಳು ಹೇಳಲ್ಲ, ನಂಗೊತ್ತು. ಆದ್ರೆ ಇನ್ಮೇಲೆ ನನ್ನ ನೋಡ್ದಾಗೆಲ್ಲ ಅವಳಿಗೆ ಇದೇ ಕಾಣ್ಸತ್ತೆ" ಎಂದಳು. ಹೆಡ್‌ಮಿಸ್ಟ್ರೆಸ್ಸು ಮನೆಗೆ ಬಂದು ಕರೆದರೂ ಜಗ್ಗಲಿಲ್ಲ.

ಯಾರಾದರೂ ಅವಳನ್ನು ಕೆಲಸದಿಂದ ತೆಗೆದಿದ್ದರೆ ಹೋಗಿ ಜಗಳವಾಡಬಹುದಿತ್ತು. ಇಲ್ಲಿ ಯಾರೂ ಏನೂ ಮಾಡಿರಲಿಲ್ಲ. ನಾನು ಹುಚ್ಚೆಂದು ಬಯ್ಯುತ್ತಿದ್ದ ಫ್ಯಾಶನ್ನೇ ಅಷ್ಟು ವರ್ಷ ಅವಳನ್ನು ನಾಲ್ಕು ಜನರ ನಡುವೆ ನಿಲ್ಲಿಸಿತ್ತು. ಅದೇ ಈಗ, ಅವಳೊಬ್ಬಳಿದ್ದಾಳೆಂಬುದೂ ಗೊತ್ತಿಲ್ಲದೆ, ಮುಂದಕ್ಕೆ ಹೋಗಿಬಿಟ್ಟಿತ್ತು. ಫ್ಯಾಶನ್ನಿನ ಬಗ್ಗೆ ಹಗುರವಾಗಿ ಮಾತಾಡುವುದು ನನ್ನಿಂದ ಆಮೇಲೆ ಆಗಲಿಲ್ಲ.

"ಒಂದ್ಸಲ ಹೋಗಿ ನೋಡೇ" ಎಂದು ನಾನು ಅಂಗಲಾಚಿದೆ.

"ಏನ್ ಹಾಕ್ಕೊಂಡು ಹೋಗ್ಲಿ, ನೀನೇ ಹೇಳು" ಎಂದಳು ಅಕ್ಕ.